ಕಾಣದ ನಾಣ್ಯಕ್ಕೆ ಸರ್ಕಾರದ ಕಟ್ಟಳೆ

ಯಾವ ಟಂಕಸಾಲೆಯಲ್ಲಿಯೂ ಅಚ್ಚಾಗದ, ಕೈಯಲ್ಲಿ ಹಿಡಿಯಲಾಗದ ನಾಣ್ಯಗಳು ಇಂದು ಲೋಕದಲ್ಲಿ ಕೈಬದಲಾಗುತ್ತಿವೆ. ಬಿಟ್‌ಕಾಯಿನ್ ಇವುಗಳಲ್ಲಿ ಮೊದಲನೆಯದು. ಇಂತಹ ಗೂಢನಾಣ್ಯಗಳ ಮೇಲೆ ಸರ್ಕಾರಗಳು ನಿರ್ಬಂಧ ಹೇರಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಆಕಾರವೇ ಇಲ್ಲದ ವಸ್ತುವನ್ನು ಕಾನೂನು ಹಿಡಿಯುವುದು ಹೇಗೆ?

ಮೊದಲು ನಾಣ್ಯದ ಸ್ವರೂಪವನ್ನು ತಿಳಿಯೋಣ. ಹುಲಿಯೂರುದುರ್ಗದ ಪೇಟೆಯ ವರ್ತಕರು, ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಲೆಕ್ಕವನ್ನು ಒಬ್ಬ ಗುಮಾಸ್ತನ ಕಡತದಲ್ಲಿ ಬರೆಸುವ ಬದಲು, ಪ್ರತಿಯೊಂದು ಅಂಗಡಿಯಲ್ಲಿಯೂ ಅದರ ಪ್ರತಿಯನ್ನು ಇಟ್ಟುಕೊಂಡರೆಂದು ಭಾವಿಸೋಣ. ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದ ಪ್ರತಿಗಳು ಅವನ ಮೋಸವನ್ನು ಹೊರಗೆಡಹುತ್ತವೆ. 2009ರ ಜನವರಿ 3ರಂದು ಮೊದಲ ಪುಟವನ್ನು ಕಂಡ ಬಿಟ್‌ಕಾಯಿನ್ ಇಂತಹ ಕಡತವೇ ಆಗಿದೆ. ಅದರ ಪ್ರತಿಗಳು ಸಾವಿರಾರು ಗಣಕಯಂತ್ರಗಳಲ್ಲಿವೆ. ಪ್ರತಿ ಪುಟದಲ್ಲಿಯೂ ಹಿಂದಿನ ಪುಟದಿಂದ ಗಣಿಸಿದ ಒಂದು ಸಂಖ್ಯೆಯಿರುವುದರಿಂದ, ಹಳೆಯ ಒಂದಂಕಿಯನ್ನು ಬದಲಿಸಿದರೂ ಮುಂದಿನ ಪುಟಗಳೆಲ್ಲ ಹೊಂದಿಕೆ ತಪ್ಪುತ್ತವೆ. ನಾಣ್ಯವನ್ನು ವರ್ಗಾಯಿಸಲು ಒಡೆಯನ ಗುಟ್ಟಿನ ಸಂಖ್ಯೆ ಬೇಕು. ಅಂತಹ ಸಂಖ್ಯೆಗಳು ಸುಮಾರು 10ರ 77ನೆಯ ಘಾತದಷ್ಟಿರುವುದರಿಂದ ಊಹಿಸಿ ಕಂಡುಹಿಡಿಯುವ ಮಾತೇ ಇಲ್ಲ.

ಆದುದರಿಂದ ಯಾವ ರಾಜಾಜ್ಞೆಯೂ ಈ ಕಡತದ ಒಂದು ಗೆರೆಯನ್ನು ಅಳಿಸಲಾರದು. ಆದರೆ ನಾಣ್ಯವು ರೂಪಾಯಿಯಾಗಲು ಸಾಮಾನ್ಯವಾಗಿ ವಿನಿಮಯ ಸಂಸ್ಥೆ ಮತ್ತು ಬ್ಯಾಂಕೆಂಬ ಬಾಗಿಲುಗಳನ್ನು ದಾಟಬೇಕು. ದುರ್ಗವನ್ನು ಕೆಡವಲಾರದವನು ಅದರ ಹೆಬ್ಬಾಗಿಲಿನಲ್ಲಿ ಕಾಯುವಂತೆ ಸರ್ಕಾರವು ಇಲ್ಲಿ ಕಾವಲಿರಿಸುತ್ತದೆ.

ಇದಕ್ಕೆ ನಿದರ್ಶನ ನಮ್ಮ ಜಿಲ್ಲೆಯಲ್ಲಿಯೇ ಇದೆ. ಭಾರತದ ಮೊದಮೊದಲ ಬಿಟ್‌ಕಾಯಿನ್ ವಿನಿಮಯ ಸಂಸ್ಥೆಗಳಲ್ಲೊಂದಾದ ಯುನೋಕಾಯಿನ್ 2013ರಲ್ಲಿ ಹುಟ್ಟಿದುದು ತುಮಕೂರಿನಲ್ಲಿ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿ, ಇಂತಹ ವ್ಯವಹಾರಗಳಿಗೆ ಸೇವೆಯನ್ನು ಮೂರು ತಿಂಗಳೊಳಗೆ ನಿಲ್ಲಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ನಾಣ್ಯಕ್ಕೆ ನಿಷೇಧವಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತು. ಅದೇ ಅಕ್ಟೋಬರಿನಲ್ಲಿ ಸಂಸ್ಥೆಯು ಬೆಂಗಳೂರಿನ ಮಾಲ್ ಒಂದರಲ್ಲಿ ನಗದು ಯಂತ್ರವನ್ನು ಇರಿಸಿತು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಸುತ್ತೋಲೆಯನ್ನು ರದ್ದುಪಡಿಸಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವುಂಟು; ಆದರೆ ಬ್ಯಾಂಕುಗಳಿಗೆ ಹಾನಿಯಾದುದನ್ನು ತೋರಿಸದೆ ಕೈಗೊಂಡ ಕ್ರಮ ಅಳತೆ ಮೀರಿದುದು ಎಂಬುದು ತೀರ್ಪಿನ ತಿರುಳು.

ಅನಂತರ ಬಾಗಿಲು ತೆರೆಯಿತು, ಕಾವಲು ಬಿಗಿಯಾಯಿತು. 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇಕಡ 30ರ ತೆರಿಗೆ ಬಂದಿತು. 2023ರ ಮಾರ್ಚ್ 7ರಂದು ವಿನಿಮಯ ಸಂಸ್ಥೆಗಳು ಹಣದ ಅಕ್ರಮ ವರ್ಗಾವಣೆಯನ್ನು ತಡೆಯುವ ಕಾಯಿದೆಗೆ ಒಳಪಟ್ಟವು. ಗ್ರಾಹಕರ ಗುರುತನ್ನು ಪಡೆಯುವುದು, ಸಂಶಯದ ವ್ಯವಹಾರಗಳನ್ನು ವರದಿ ಮಾಡುವುದು ಅವುಗಳ ಕರ್ತವ್ಯವಾಯಿತು. ಇದನ್ನು ಪಾಲಿಸದ 9 ವಿದೇಶೀ ಸಂಸ್ಥೆಗಳಿಗೆ ಅದೇ ಡಿಸೆಂಬರಿನಲ್ಲಿ ನೋಟೀಸು ಹೋಯಿತು.

ದೇಶದೇಶಗಳ ನಡುವಣ ನಿರ್ಬಂಧಗಳ ಕ್ರಮವೂ ಇದೇ. 2018ರ ನವೆಂಬರಿನಲ್ಲಿ ಅಮೆರಿಕದ ಖಜಾನೆ ಇಲಾಖೆಯು ಮೊದಲ ಬಾರಿಗೆ ಎರಡು ಬಿಟ್‌ಕಾಯಿನ್ ವಿಳಾಸಗಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಕಡತವು ಎಲ್ಲರಿಗೂ ತೆರೆದಿರುವುದರಿಂದ ಆ ವಿಳಾಸಗಳಿಂದ ಹೊರಟ ನಾಣ್ಯದ ಜಾಡನ್ನು ಹಿಡಿದು ಬಾಗಿಲಿನಲ್ಲಿ ತಡೆಯಬಹುದು. ನಾಣ್ಯಗಳನ್ನು ಕಲಸಿ ಜಾಡನ್ನು ಮರೆಸುವ ಟಾರ್ನೆಡೊ ಕ್ಯಾಶ್ ಎಂಬ ಏರ್ಪಾಟಿನ ಮೇಲೆ 2022ರ ಆಗಸ್ಟಿನಲ್ಲಿ ನಿರ್ಬಂಧ ಬಿದ್ದಿತು. ಆದರೆ ಯಾರೂ ಬದಲಿಸಲಾಗದ, ಒಡೆಯನಿಲ್ಲದ ಕ್ರಮವಿಧಿಯು ಯಾರ ಸ್ವತ್ತೂ ಅಲ್ಲವೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು 2024ರಲ್ಲಿ ತೀರ್ಮಾನಿಸಿತು. 2025ರ ಮಾರ್ಚಿನಲ್ಲಿ ನಿರ್ಬಂಧವು ತೆರವಾಯಿತು. ಕಾನೂನು ಮನುಷ್ಯನನ್ನೂ ಸಂಸ್ಥೆಯನ್ನೂ ಕಟ್ಟಬಲ್ಲುದು. ಗಣಿತವನ್ನು ಕಟ್ಟುವುದು ಕಷ್ಟ.

ಇದರಲ್ಲಿ ತರುಣರು ಗಮನಿಸಬೇಕಾದ ಅಂಶವೊಂದುಂಟು. ನೋಂದಣಿಯಿಲ್ಲದ ಬಾಗಿಲನ್ನು ಹೊಕ್ಕವನ ಹಣವಾಗಲಿ, ಗುಟ್ಟಿನ ಸಂಖ್ಯೆಯನ್ನು ಪರರಿಗೆ ತಿಳಿಸಿದವನ ನಾಣ್ಯವಾಗಲಿ ಮರಳಿ ಬರುವುದು ಬಲು ದುರ್ಲಭ. ಯಾರೂ ತಿದ್ದಲಾರದ ಕಡತವು ನಮ್ಮ ತಪ್ಪನ್ನೂ ತಿದ್ದಗೊಡುವುದಿಲ್ಲ.