ಬಾಟ್‌ಗೆ ‘೨೫’ ಅಂದರೆ ಏನು?
ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಬಾಟ್‌ಗೆ ಒಂದು ಕಮಾಂಡ್ ಕಳಿಸಿ, ಹೆಸರು ಕೊಟ್ಟು, ಟೋಕನ್ ಪಡೆದರೆ ಬಾಟ್ ಕಟ್ಟುವ ಕೆಲಸ ಶುರು. 2015ರ ಜೂನ್‌ನಿಂದಲೂ ಈ ಬಾಗಿಲು ತೆರೆದೇ ಇದೆ. ಆದರೆ ಅದೇ ಬಾಟನ್ನು ರಸ್ಟ್ ಭಾಷೆಯಲ್ಲಿ, ಟೆಲಾಕ್ಸೈಡ್ ಲೈಬ್ರರಿ ಇಟ್ಟುಕೊಂಡು ಬರೆದು ನೋಡಿ! ಬಾಟ್ ಇನ್ನೂ ಒಂದು ಮಾತೂ ಆಡಿರುವುದಿಲ್ಲ, ಕಂಪೈಲರ್ ಆಗಲೇ ಪ್ರಶ್ನೆ ಕೇಳತೊಡಗಿರುತ್ತದೆ.

ಬಂದ ಮೆಸೇಜಿನಿಂದ ಪಠ್ಯ ತೆಗೆಯಲು ಹೋದರೆ ಕೈಗೆ ಸಿಗುವುದು ಬರೀ ಪಠ್ಯವಲ್ಲ, ‘ಆಪ್ಷನ್’ ಎಂಬ ಟೈಪು. ಪಠ್ಯ ಇರಬಹುದು, ಇಲ್ಲದಿರಬಹುದು. ಎದುರಿನವರು ಫೋಟೊ ಕಳಿಸಿದ್ದರೆ? ಸ್ಟಿಕ್ಕರ್ ಕಳಿಸಿದ್ದರೆ? ಆಗೇನು ಮಾಡುತ್ತೀರಿ ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ಕಮಾಂಡುಗಳನ್ನು ‘ಈನಮ್’ ಒಂದರಲ್ಲಿ ಪಟ್ಟಿ ಮಾಡಿ, ಹೊಸದೊಂದನ್ನು ಸೇರಿಸಿ, ‘ಮ್ಯಾಚ್’ನಲ್ಲಿ ಅದಕ್ಕೆ ಉತ್ತರ ಬರೆಯಲು ಮರೆತಿರೋ, ಇ0004 ಎಂಬ ದೋಷ ಬಂದು ನಿಲ್ಲುತ್ತದೆ, ಬಿಟ್ಟುಹೋದ ಕಮಾಂಡಿನ ಹೆಸರು ಸಮೇತ!

ಲೈಬ್ರರಿಯ ಜೊತೆಗೇ ಬರುವ ಉದಾಹರಣೆಯೊಂದರಲ್ಲಿ ಬಾಟ್ ಮೊದಲು ಹೆಸರು ಕೇಳುತ್ತದೆ, ಆಮೇಲೆ ವಯಸ್ಸು, ಆಮೇಲೆ ಊರು. ಊರು ಕೇಳುವ ಹಂತದ ಟೈಪಿನೊಳಗೇ ಹೆಸರು, ವಯಸ್ಸು ಎರಡೂ ಕೂತಿವೆ. ಹೆಸರಿಲ್ಲದೆ ಆ ಹಂತ ಮುಟ್ಟುವ ಕೋಡನ್ನು ಬರೆಯಲಿಕ್ಕೇ ಆಗುವುದಿಲ್ಲ! ವಯಸ್ಸಿನ ಟೈಪು ಯು8, ಅಂದರೆ 0ಯಿಂದ 255ರವರೆಗಿನ ಪೂರ್ಣಾಂಕ. ಮೈನಸ್ ಐದಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನು ಕನ್ನಡಕ್ಕೆ ಬನ್ನಿ. ‘ಬೆಂಗಳೂರು’ ನಮ್ಮ ಕಣ್ಣಿಗೆ 4 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 8, ರಸ್ಟ್ ಎಣಿಸುವ ಉದ್ದ 24 ಬೈಟ್! ಬಟನ್ ಒತ್ತಿದಾಗ ಬಾಟ್‌ಗೆ ಬರುವ ಡೇಟಾಕ್ಕೆ ಟೆಲಿಗ್ರಾಂ ಕೊಡುವುದು 64 ಬೈಟ್. ಅದರಲ್ಲಿ ಎರಡು ಬೆಂಗಳೂರು ಹಿಡಿಸುತ್ತವೆ, ಮೂರನೆಯದು ಹಿಡಿಸದು. ಇದನ್ನು ಮಾತ್ರ ಟೈಪು ಹಿಡಿದುಕೊಡುವುದಿಲ್ಲ, ನಾವೇ ಎಣಿಸಬೇಕು.

ವಯಸ್ಸು ಕೇಳಿದಾಗ ಒಬ್ಬರು ಕನ್ನಡ ಅಂಕಿಯಲ್ಲೇ ‘೨೫’ ಎಂದು ಟೈಪ್ ಮಾಡಿದರು ಅನ್ನಿ. ಪಠ್ಯವನ್ನು ಸಂಖ್ಯೆಯಾಗಿಸುವ ರಸ್ಟ್‌ನ ‘ಪಾರ್ಸ್’ಗೆ ಅದು ಸಂಖ್ಯೆಯೇ ಅಲ್ಲ, ಇಂಗ್ಲಿಷ್ ಅಂಕಿ ಬಿಟ್ಟರೆ ಬೇರೆ ಅದಕ್ಕೆ ಗೊತ್ತಿಲ್ಲ. ಆದರೆ ಸೊಗಸಿರುವುದೇ ಇಲ್ಲಿ! ಪಾರ್ಸ್ ಬರಿಗೈಯಲ್ಲಿ ಸೋಲುವುದಿಲ್ಲ, ‘ರಿಸಲ್ಟ್’ ಕೊಡುತ್ತದೆ. ಅದರಲ್ಲಿ ಗೆಲುವಿಗೊಂದು ದಾರಿ, ಸೋಲಿಗೊಂದು ದಾರಿ. ಒಳಗಿನ ಸಂಖ್ಯೆ ಬೇಕಾದರೆ ಸೋಲಿಗೂ ಉತ್ತರ ಹೇಳಲೇಬೇಕು. ‘ಅನ್‌ರ್ಯಾಪ್’ ಎಂದು ಬರೆದು ಜಾರಿಕೊಳ್ಳಬಹುದು, ನಿಜ. ಹಾಗೆ ಜಾರಿಕೊಂಡದ್ದೂ ಕೋಡಿನಲ್ಲಿ ಎದ್ದು ಕಾಣುತ್ತದೆ. ಜಾರಿಕೊಳ್ಳದೆ ಸೋಲಿಗೆ ಉತ್ತರ ಬರೆಯುವ ಸಾಲಿನ ಮುಂದೆ ಕೂತವರಿಗೆ, ಕನ್ನಡ ಅಂಕಿ ಬರೆಯುವವರೂ ಇದ್ದಾರಲ್ಲ ಎಂಬುದು ಹೊಳೆಯದೇ ಇರುತ್ತದೆಯೇ?

ಕನ್ನಡಿಗರಿಗಾಗಿ ಬಾಟ್ ಬರೆಯುವವರೇ, ಸೋಲಿನ ಆ ಸಾಲಿನಲ್ಲಿ ‘ತಪ್ಪು ಉತ್ತರ’ ಎಂದು ಬರೆದು ಮುಗಿಸಬೇಡಿ. ೦ಯಿಂದ ೯ರವರೆಗಿನ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಿಗೆ ಬದಲಿಸಿಕೊಡುವ ಪುಟ್ಟ ಫಂಕ್ಷನ್ ಬರೆಯಿರಿ, ಆಮೇಲೆ ಬಾಟನ್ನು ಜನರ ಕೈಗೆ ಕೊಡಿ.