ತೆಪ್ಪದ ಊರಿನವನು ಕಂಡ ಹಡಗು

ನಮ್ಮದು ಹನೂರು ಕಡೆಯ ಊರು. ನೀರ ಮೇಲೆ ತೇಲುವುದೆಂದರೆ ನನಗೆ ಹೊಗೇನಕಲ್ ತೆಪ್ಪವಷ್ಟೇ. ಮೆಕ್ಯಾನಿಕಲ್ ಬಿ.ಇ. ಸೇರಿದ ಮೇಲೆ ಗೆಳೆಯರೊಂದಿಗೆ ಮಲ್ಪೆಗೆ ಹೋದಾಗ, ಇನ್ನೂ ಕಟ್ಟುತ್ತಿದ್ದ ಹಡಗೊಂದನ್ನು ಮೊದಲ ಸಲ ಕಂಡೆ. ನೆಲದ ಮೇಲೆ ನಿಂತ ಹಡಗು ಎಷ್ಟು ದೊಡ್ಡದು ಗೊತ್ತಾ? ಕತ್ತೆತ್ತಿಯೇ ನೋಡಬೇಕು!

ಆ ಯಾರ್ಡು ಮೊದಲು 1984ರಲ್ಲಿ ಶುರುವಾದ, ಚೆನ್ನೈ ಮೂಲದ ತೆಬ್ಮಾ ಕಂಪನಿಯದು. ಟಗ್ಗುಗಳನ್ನೂ, ಕಡಲಿನ ತೈಲಬಾವಿಗಳಿಗೆ ಸಾಮಾನು ಸಾಗಿಸುವ ಹಡಗುಗಳನ್ನೂ ಕಟ್ಟುತ್ತಿದ್ದ ಕಂಪನಿ ಸಾಲದಲ್ಲಿ ಸಿಕ್ಕಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. 2022ರಲ್ಲಿ ಹೆಸರು ‘ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್’ ಆಯಿತು. ಮರುವರ್ಷವೇ ನಾರ್ವೆಯಿಂದ ಆರು ಸರಕು ಹಡಗುಗಳಿಗೆ ಆರ್ಡರ್ ಬಂತು.

ಅಲ್ಲೇ ಕೆಲಸಕ್ಕೆ ಸೇರುವಾಸೆ. ‘ಒಂದ್ಸಲ ಮುಳುಗಿದ್ದು ಅದು, ಬ್ಯಾಡ ಕಣ’ ಎಂದರು ಅಪ್ಪ. ಅವ್ವ ಮಾತ್ರ, ‘ತೆಪ್ಪಕ್ಕೆ ಬಿದಿರು ಹೆಣೆಯಂಗೆ ಅದ್ಕೂ ಕಬ್ಬಿಣ ಹೆಣೀತಾರಾ?’ ಎಂದು ಕೇಳಿದಳು.

ಹೌದು ಕಣವ್ವ. ಮೊದಲು ಪಕ್ಕೆಲುಬು, ಆಮೇಲೆ ಹೊದಿಕೆ.