ಕಂಪ್ರೆಸರ್ ಬಿಸಿಯಾದ್ರೆ ತಪ್ಪು ಕಂಪ್ರೆಸರ್‌ದೇನಾ?

ಕಳೆದ ಏಪ್ರಿಲ್‌ನಲ್ಲಿ ನಮ್ಮನೆ ಎಸಿ ದಿನಾ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಷ್ಕರ ಹೂಡ್ತಿತ್ತು. ಒಳಗಿನ ಫ್ಯಾನ್ ತಿರುಗುತ್ತೆ, ಆದ್ರೆ ಬರೋದು ಬರೀ ಬಿಸಿಗಾಳಿ. ಒಂದು ಒಂದೂವರೆ ಗಂಟೆ ಬಿಟ್ಟರೆ ತಾನಾಗೇ ಸರಿಯಾಗುತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ನಮ್ಮದು ತುಮಕೂರಿನ ಕ್ಯಾತ್ಸಂದ್ರದ ಹತ್ರ ಮೊದಲ ಮಹಡಿ ಮನೆ, ಮೇಲೆ ಬರೀ ಆರ್‌ಸಿಸಿ. ಅಪ್ಪನಿಗೆ ಬೈಪಾಸ್ ಆಪರೇಷನ್ ಆಗಿ ಆರು ವಾರ ಆಗಿತ್ತು. ಎಸಿ ತಗೊಂಡಿದ್ದೇ ಅವರಿಗೋಸ್ಕರ, ಅದೂ ಕಂತಿನ ಮೇಲೆ.

ಬಂದ ಮೆಕ್ಯಾನಿಕ್ ಹೊರಗಿನ ಯೂನಿಟ್ ಪೈಪ್ ಮುಟ್ಟಿ, ಕೈ ಹಿಂದಕ್ಕೆ ಎಳ್ಕೊಂಡು, "ಕಂಪ್ರೆಸರ್ ಹೋಗಿದೆ, ಹದಿನಾಲ್ಕು ಸಾವಿರ ಆಗುತ್ತೆ" ಅಂದ್ರು. ಅಮ್ಮ ಎತ್ತಿಟ್ಟಿದ್ದ ದುಡ್ಡು ಅಂದ್ರೆ ನನ್ನ ಸೆಮಿಸ್ಟರ್ ಫೀಸ್ ಒಂದೇ. ಆಗ ನನಗೆ ಥರ್ಮೋಡೈನಮಿಕ್ಸ್ ಪುಸ್ತಕ ತೆಗೆಯೋ ಬುದ್ಧಿ ಬಂತು. ಪರೀಕ್ಷೆಗೆ ಓದುವಾಗ ಬಾರದ ಆಸಕ್ತಿ ಆವತ್ತು ಬಂತು ಅನ್ನೋದನ್ನ ದಯವಿಟ್ಟು ನಮ್ಮ ಮೇಷ್ಟ್ರಿಗೆ ಹೇಳಬೇಡಿ.

ಮೊದಲು ಎಸಿ ಏನು ಮಾಡುತ್ತೆ ನೋಡೋಣ. ಅದು ತಂಪನ್ನ ತಯಾರಿಸಲ್ಲ, ಒಳಗಿನ ಶಾಖವನ್ನ ಹೊತ್ತು ಹೊರಗೆ ಹಾಕುತ್ತೆ. ಒಂದೂವರೆ ಟನ್ ಎಸಿ ಅಂದ್ರೆ ಅದರ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದ ಲೆಕ್ಕದಿಂದ ಬಂದ ಅಳತೆ ಅದು. ಒಂದು ಟನ್ನಿಗೆ ಸುಮಾರು 3.5 ಕಿಲೋವ್ಯಾಟ್, ಒಂದೂವರೆ ಟನ್ನಿಗೆ ಸುಮಾರು 5.3. ಇದಕ್ಕೆ ಎಸಿ ತಿನ್ನೋ ಕರೆಂಟ್ ಸುಮಾರು 1.6 ಕಿಲೋವ್ಯಾಟ್ ಸೇರಿಸಿ. ಹೆಚ್ಚುಕಡಿಮೆ 7 ಕಿಲೋವ್ಯಾಟ್ ಶಾಖವನ್ನ ಹೊರಗಿನ ಯೂನಿಟ್ ಗಾಳಿಗೆ ಬಿಡಬೇಕು. ನೀರು ಕಾಯಿಸೋ ಮೂರು ಗೀಸರ್ ಒಟ್ಟಿಗೆ ಉರಿಸಿದ ಹಾಗೆ.

ಈ ಸಾಗಾಣಿಕೆಯ ಕೂಲಿ ಕಂಪ್ರೆಸರ್. ಅದರ ಮೋಟರೂ ಪಂಪೂ ಒಂದೇ ಉಕ್ಕಿನ ಡಬ್ಬದೊಳಗೆ ಸೀಲ್ ಆಗಿರುತ್ತೆ. ಬಹಳ ಕಂಪ್ರೆಸರ್‌ಗಳಲ್ಲಿ ಆ ಮೋಟರ್‌ನ ತಣ್ಣಗಿಡೋದು ಒಳಗಿನ ಕಾಯಿಲ್‌ನಿಂದ ವಾಪಸ್ ಬರುವ ತಣ್ಣನೆ ಗ್ಯಾಸ್. ತುಂಬಾ ಬಿಸಿಯಾದ್ರೆ ಓವರ್‌ಲೋಡ್ ಪ್ರೊಟೆಕ್ಟರ್ ಅನ್ನೋ ಪುಟ್ಟ ಸ್ವಿಚ್ಚಿನೊಳಗಿನ ಎರಡು ಲೋಹದ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತೆ. ತಣ್ಣಗಾದ ಮೇಲೆ ಮತ್ತೆ ಜೋಡಿಸುತ್ತೆ. ಉಕ್ಕಿನ ಡಬ್ಬ ತಣ್ಣಗಾಗೋಕೆ ಗಂಟೆಗಟ್ಟಲೆ ಬೇಕು, ಅದಕ್ಕೇ ಆ ಒಂದೂವರೆ ಗಂಟೆ ರಜೆ. ಅಂದ್ರೆ ನಮ್ಮ ಕಂಪ್ರೆಸರ್ ಸತ್ತಿರಲಿಲ್ಲ. ಸಾಯದ ಹಾಗೆ ತನ್ನನ್ನ ತಾನೇ ಕಾಪಾಡಿಕೊಳ್ತಾ ಇತ್ತು. ಇನ್ನೊಂದು ವಿಷಯ, ಕಂಪ್ರೆಸರ್‌ನಿಂದ ಹೊರಡುವ ಪೈಪ್ ಆರೋಗ್ಯವಾಗಿದ್ದಾಗಲೂ 70-80 ಡಿಗ್ರಿ ಇರಬಹುದು. ಕೈ ಸುಟ್ಟಿತು ಅನ್ನೋದು ರೋಗ ಪತ್ತೆ ಅಲ್ಲ.

ಹಾಗಾದ್ರೆ ನಮ್ಮನೇದು ಯಾಕೆ ಬಿಸಿಯಾಯ್ತು? ಹೊರಗಿನ ಯೂನಿಟ್ ಇಟ್ಟಿದ್ದು ಪಾತ್ರೆ ತೊಳೆಯೋ ಯುಟಿಲಿಟಿಯಲ್ಲಿ. ಮಳೆ ಎರಚಲು ಬರುತ್ತೆ ಅಂತ ಗ್ರಿಲ್‌ಗೆ ನಾವೇ ಹಳೇ ಫ್ಲೆಕ್ಸ್ ಕಟ್ಟಿದ್ವಿ. ಹೊರಗೆ ನೆರಳಲ್ಲಿ 36 ಡಿಗ್ರಿ ಇತ್ತು. ಯೂನಿಟ್ ಗಾಳಿ ಎಳೆದುಕೊಳ್ಳೋ ಹಿಂಭಾಗದಲ್ಲಿ ಥರ್ಮಾಮೀಟರ್ ಹಿಡಿದ್ರೆ 48! ತಾನು ಬಿಟ್ಟ ಬಿಸಿಗಾಳಿಯನ್ನ ತಾನೇ ಮತ್ತೆ ಕುಡೀತಿತ್ತು. ಶಾಖ ಹರಿಯೋದು ಬಿಸಿ ಕಡೆಯಿಂದ ತಂಪಿನ ಕಡೆಗೆ ಮಾತ್ರ. ಸುತ್ತ 48 ಇದ್ರೆ ಕಾಯಿಲ್ ಒಳಗಿನ ಗ್ಯಾಸ್ ಅದಕ್ಕಿಂತ ಇನ್ನೂ ಬಿಸಿಯಾಗಬೇಕು, ಒತ್ತಡ ಏರಬೇಕು, ಮೋಟರ್ ಹೆಚ್ಚು ಆಂಪಿಯರ್ ಎಳೀಬೇಕು. ಮಧ್ಯಾಹ್ನ ಎರಡೂವರೆಗೆ ಮಿತಿ ಮುಟ್ಟುತ್ತೆ, ಅಷ್ಟೇ. ಫ್ಲೆಕ್ಸ್ ಬಿಚ್ಚಿ, ಧೂಳು ಹಿಡಿದ ಫಿನ್‌ಗಳನ್ನ ತೊಳೆಸಿದ್ವಿ. ಖರ್ಚು 600 ರೂಪಾಯಿ. ಮಾರನೇ ದಿನ ಎರಡೂವರೆ ದಾಟಿತು, ಮೂರು ದಾಟಿತು, ಎಸಿ ನಿಲ್ಲಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ನಾನು ಹೀರೋ. ಆದ್ರೆ ಗುಬ್ಬಿ ಅತ್ತೆ ಫೋನ್ ಮಾಡಿದ್ರು.

ಅವರದ್ದು ಊರಾಚೆ ತೆಂಗಿನ ತೋಟದ ಮನೆ, ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಲೈನಿನ ಕೊನೇ ಮನೆ. ಅಲ್ಲೂ ಅದೇ ಕಾಯಿಲೆ. ನಾನು ಫೋನಲ್ಲೇ ಡಾಕ್ಟರ್ ಆದೆ. "ಫಿನ್ ತೊಳೆಸಿ ಅತ್ತೆ, ನಿಂತ್ರೆ ಆಫ್ ಮಾಡಿ ಆನ್ ಮಾಡಿ." ಅವರು ಪಾಪ, ಒಂದು ವಾರ ಹಾಗೇ ಮಾಡಿದ್ರು. ಭಾನುವಾರ ಹೋಗಿ ಮೀಟರ್ ಹಿಡಿದಾಗ ಗೊತ್ತಾಯ್ತು, ಸುತ್ತಲಿನ ಬೋರ್‌ವೆಲ್ ಮೋಟರ್‌ಗಳು ಶುರುವಾದ ಹೊತ್ತಿಗೆ ಅತ್ತೆ ಮನೆ ಪ್ಲಗ್ಗಲ್ಲಿ 180 ವೋಲ್ಟ್ ಕೂಡ ಇರಲಿಲ್ಲ. ಇರಬೇಕಾದ್ದು 230.

ಮೋಟರ್ ಹೊರಡುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ. 180ನ್ನ 230ರಿಂದ ಭಾಗಿಸಿ ವರ್ಗ ಮಾಡಿದ್ರೆ ಸುಮಾರು 0.61. ಅಂದ್ರೆ ಶೇಕಡ 40ರಷ್ಟು ಬಲ ಹೋಯ್ತು. ತಿರುಗಲಾರದ ಮೋಟರ್ ಗುಂಯ್ ಅನ್ನುತ್ತಾ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಅದೆಲ್ಲ ಶಾಖ ಆಗುತ್ತೆ. ಅದರ ಮೇಲೆ ನಾನು ಹೇಳಿದ ಆಫ್-ಆನ್ ಚಿಕಿತ್ಸೆ! ನಿಂತ ಕೂಡಲೇ ಎರಡೂ ಕಡೆ ಒತ್ತಡ ಸಮ ಆಗಿರಲ್ಲ. ಕನಿಷ್ಠ ಮೂರು ನಿಮಿಷ ಕಾಯದೆ ಎಬ್ಬಿಸೋದು ಅಂದ್ರೆ ಹೊರೆ ಇಳಿಸದೆ ಎತ್ತನ್ನ ಎಬ್ಬಿಸಿದ ಹಾಗೆ. ಅತ್ತೆ ಮನೆ ಕಂಪ್ರೆಸರ್ ಉಳಿದದ್ದು ಆ ಪುಟ್ಟ ಪ್ರೊಟೆಕ್ಟರ್ ಪುಣ್ಯ, ನನ್ನ ಜಾಣತನದಿಂದ ಅಲ್ಲ. ಅಲ್ಲಿಗೆ ಬೇಕಿದ್ದದ್ದು ಟೈಮ್ ಡಿಲೇ ಇರುವ ಸ್ಟೆಬಿಲೈಸರ್. ಜೊತೆಗೆ ಕೆಪಾಸಿಟರ್ ಕೂಡ ಸೊರಗಿತ್ತು. ಮೇಲೆ 35 ಮೈಕ್ರೋಫ್ಯಾರಡ್ ಅಂತ ಬರೆದಿದೆ, ಅಳೆದಾಗ 26. ಕೆಲವು ನೂರು ರೂಪಾಯಿ ಸಾಮಾನು ಅದು.

ಮೂರನೇದು ಕುಣಿಗಲ್‌ನಲ್ಲಿ ನನ್ನ ಫ್ರೆಂಡ್ ಮನೆ. ಇಲ್ಲಿ ಕಂಪ್ರೆಸರ್ ನಿಜವಾಗ್ಲೂ ಸುಟ್ಟುಹೋಗಿತ್ತು. ಮೂರು ವರ್ಷದಿಂದ ಪ್ರತಿ ಬೇಸಿಗೆ "ಗ್ಯಾಸ್ ಖಾಲಿ" ಅಂತ ತುಂಬಿಸ್ತಿದ್ರಂತೆ. ಗ್ಯಾಸ್ ಏನು ಪೆಟ್ರೋಲಾ ಖಾಲಿಯಾಗೋಕೆ? ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ಅವರ ಯೂನಿಟ್ಟಿನ ತಾಮ್ರದ ಪೈಪ್ ಜೋಡಿಸೋ ನಟ್ ಹತ್ರ ಎಣ್ಣೆ ಜಿಡ್ಡು ಕೂತಿತ್ತು. ಗ್ಯಾಸ್ ಜೊತೆ ಎಣ್ಣೆಯೂ ಸುತ್ತೋದರಿಂದ ಸೋರುವ ಜಾಗ ಹೀಗೆ ಗುರುತು ಬಿಡುತ್ತೆ. ಗ್ಯಾಸ್ ಕಡಿಮೆಯಾದ್ರೆ ಮೋಟರ್‌ಗೆ ಬರೋ ತಂಪೂ ಕಡಿಮೆ. ರೂಮು ತಣ್ಣಗಾಗಲ್ಲ, ಹಾಗಾಗಿ ಕಂಪ್ರೆಸರ್‌ಗೆ ಬಿಡುವೂ ಇಲ್ಲ. ಮೊದಲ ವರ್ಷವೇ ಆ ನಟ್ ಸರಿ ಮಾಡಿ, ನೈಟ್ರೋಜನ್ ತುಂಬಿ ಸೋರಿಕೆ ನೋಡಿ, ವ್ಯಾಕ್ಯೂಮ್ ಎಳೆದು, ತೂಕ ಹಾಕಿ ಗ್ಯಾಸ್ ತುಂಬಿಸಿದ್ರೆ ಅದು ಉಳೀತಿತ್ತು.

ಆದ್ದರಿಂದ ನಿಮ್ಮನೇಲಿ ಹೀಗಾದ್ರೆ ಈ ಕ್ರಮದಲ್ಲಿ ನೋಡಿ. ಒಳಗಿನ ಫಿಲ್ಟರ್ ತೊಳೆಯಿರಿ. ಹೊರಗಿನ ಫ್ಯಾನ್ ಸರಿಯಾಗಿ ತಿರುಗ್ತಿದೆಯಾ, ಬಿಸಿಗಾಳಿ ಹೋಗೋಕೆ ದಾರಿ ಇದೆಯಾ ನೋಡಿ. ಯಾವ ಹೊತ್ತಲ್ಲಿ ನಿಲ್ಲುತ್ತೆ, ಆಗ ವೋಲ್ಟೇಜ್ ಎಷ್ಟಿತ್ತು ಬರೆದಿಡಿ. ಇನ್ವರ್ಟರ್ ಎಸಿ ಆದ್ರೆ ಪರದೆ ಮೇಲಿನ ಎರರ್ ಕೋಡ್ ಫೋಟೋ ತೆಗೆಯಿರಿ. ಪೈಪ್ ಜೋಡಣೆ ಹತ್ರ ಜಿಡ್ಡು ಇದೆಯಾ ಕಣ್ಣಲ್ಲೇ ನೋಡಿ. ತಾಪಮಾನ 18ಕ್ಕೆ ಇಟ್ಟರೆ ರೂಮು ಬೇಗ ತಣ್ಣಗಾಗುತ್ತೆ ಅನ್ನೋ ನಂಬಿಕೆ ಬಿಡಿ. 2020ರಿಂದ ಹೊಸ ಎಸಿಗಳು 24ರಲ್ಲೇ ಶುರುವಾಗಬೇಕು ಅನ್ನೋ ನಿಯಮ ಬಂದದ್ದು ಸುಮ್ಮನೆ ಅಲ್ಲ.

ಅಲ್ಲಿಗೆ ನಮ್ಮ ಕೆಲಸ ಮುಗೀತು. ಮುಚ್ಚಳ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತೆ. ಅತ್ತೆ ಮನೇಲಿ ಅದನ್ನ ಅಳೆದದ್ದು ಕೂಡ ಕೆಲಸ ಬಲ್ಲ ಒಬ್ಬ ಎಲೆಕ್ಟ್ರಿಷಿಯನ್, ನಾನಲ್ಲ. ಈಗಿನ ಆರ್-32 ಗ್ಯಾಸಿಗೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ, ಆರ್-290 ಅಂತೂ ಪ್ರೊಪೇನೇ. ಆದ್ರೆ ಮೆಕ್ಯಾನಿಕ್ ಬಂದಾಗ ಮೂರು ಪ್ರಶ್ನೆ ಕೇಳೋ ಹಕ್ಕು ನಮಗಿದೆ. ಎಷ್ಟು ಆಂಪಿಯರ್ ಎಳೀತಿದೆ? ಕೆಪಾಸಿಟರ್ ಎಷ್ಟು ತೋರಿಸ್ತು? ಸೋರಿಕೆ ಎಲ್ಲಿ? ಸಂಖ್ಯೆ ಹೇಳಿದ್ರೆ ನಂಬಿ. ಬರೀ "ಹೋಗಿದೆ" ಅಂದ್ರೆ ಇನ್ನೊಬ್ಬರನ್ನ ಕರೆಸಿ.

ಫೀಸ್ ಕಟ್ಟಿದ್ದಾಯ್ತು. ಫ್ಲೆಕ್ಸ್ ಇಲ್ಲದ್ದರಿಂದ ಜೂನ್ ಮಳೆಗೆ ಯುಟಿಲಿಟಿಯೆಲ್ಲ ನೆನೆದು, ಒರೆಸೋ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಅಪ್ಪ ಊಟ ಮಾಡಿ ಮಲಗಿದ್ರೆ ಸಂಜೆ ನಾಲ್ಕಕ್ಕೇ ಏಳೋದು. ಒರೆಸೋಕೆ ನನಗೇನೂ ಬೇಜಾರಿಲ್ಲ.